ಕಲ್ಲುಹೂವಿನ ದಫ್ತರ

ಆ ಮುಂಜಾನೆ ಮಂಜು ಬೀಳಬೇಕಿತ್ತು, ಬೀಳಲಿಲ್ಲ. ಎಳ್ಳಮಾವಾಸ್ಯೆ ಕಳೆದು ಮೂರು ದಿನವಾಗಿತ್ತು. ಆ ಹೊತ್ತಿಗೆ ಹಿರೇಗುಂಡಿನ ಬಂಡೆಗಳ ಮೇಲೆ ಇಬ್ಬನಿ ಹನಿಗಟ್ಟಿ ಇಳಿಯುವುದು ವಾಡಿಕೆ. ಈ ವರ್ಷ ಮೂಡಣದಿಂದ ಬರೀ ಒಣಗಾಳಿ ಬೀಸುತ್ತಿತ್ತು. ತುಟಿ ಒಡೆಯುವ, ಮೊಣಕಾಲು ಹಿಡಿಯುವ, ಎಣ್ಣೆ ಹಚ್ಚಿದ ತಲೆಯನ್ನೂ ನಾರು ಮಾಡುವ ಗಾಳಿ. ಹುಲಿಗೆವ್ವ ಸೆರಗನ್ನು ಕಿವಿಗೆ ಸುತ್ತಿಕೊಂಡು ಗುಡ್ಡದ ದಾರಿ ಹತ್ತುವಾಗ ಮೂರು ಕಡೆ ನಿಂತಳು. ಮೊದಲೆಲ್ಲ ಒಂದೇ ಕಡೆ ನಿಲ್ಲುತ್ತಿದ್ದಳು.

"ಅವ್ವಾ ಹುಲಿಗೆಮ್ಮಾ, ಇನ್ನ ನಾಕ ತಿಂಗಳು," ಅಂದಳು. ಅರ್ಧ ದೇವಿಗೆ ಹೇಳಿದ್ದು, ಅರ್ಧ ಮೊಣಕಾಲಿಗೆ. ನಾಲ್ಕು ತಿಂಗಳು ಕಳೆದರೆ ಅವಳ ನಿವೃತ್ತಿ.

ಎರಡು ಹೆಬ್ಬಂಡೆಗಳ ನಡುವಿನ ಸಂದಿಗೆ ಮಾಡು ಹೊದಿಸಿ, ಮುಂದೊಂದು ಬಾಗಿಲು ಇಟ್ಟರೆ ಅದೇ ತಾಲ್ಲೂಕಿನ ಭೂದಾಖಲೆ ದಫ್ತರ. ಒಳಗೆ ಬೇಸಿಗೆಯಲ್ಲೂ ತಣ್ಣಗೆ. ಗೋಡೆಯುದ್ದಕ್ಕೂ ಅಟ್ಟಣಿಗೆ, ಅಟ್ಟಣಿಗೆಯ ತುಂಬ ಅಂಗೈ ಅಗಲದ ಕಲ್ಲುಬಿಲ್ಲೆಗಳು, ನಾಲ್ಕು ಸಾವಿರಕ್ಕೂ ಮೇಲೆ. ಒಂದೊಂದು ಬಿಲ್ಲೆಯ ಮೇಲೂ ಬೂದು ಹಸಿರಿನ ಒಂದೊಂದು ಕಲ್ಲುಹೂವು, ಯಾರೋ ರೊಟ್ಟಿ ತಟ್ಟಿ ಅಂಟಿಸಿ ಹೋದ ಹಾಗೆ. ಪಾಚಿಯೂ ಬೂಷ್ಟೂ ಗಂಡಹೆಂಡಿರಂತೆ ಕೂಡಿ ಬಾಳುವ ಈ ಜೀವ ಕಾಡಿನ ಬಂಡೆಯ ಮೇಲೆ ತಾನಾಗಿ ಬೆಳೆಯುತ್ತದೆ. ಇಲ್ಲಿಯದು ಮನುಷ್ಯ ಬರೆದ ಕಲ್ಲುಹೂವು. ಯಾವ ಹೊಲ ಯಾರದು, ನಾಲ್ಕು ದಿಕ್ಕಿನ ಗಡಿ ಯಾವುದು, ಎಷ್ಟು ಗುಂಟೆ ಎಂಬುದೆಲ್ಲ ಅದರ ವಂಶತಂತುವಿನೊಳಗೆ ಅಕ್ಷರವಾಗಿ ಕೂತಿದೆ. ಹೊಲ ಕೈ ಬದಲಿಸಿದರೆ ಅಂಚಿಗೆ ಸೂಜಿಯಿಂದ ಹೊಸ ಬರಹ ತಾಕಿಸುತ್ತಾರೆ. ಒಂದು ಮಳೆಗಾಲ ಕಳೆದು ಅಂಚು ಜೋಳದ ಕಾಳಿನಷ್ಟು ಬೆಳೆದ ಮೇಲೆ ಆ ಬರಹ ಗಟ್ಟಿಯಾಗುತ್ತದೆ. ಅದಕ್ಕೆ ಮುಂಚೆ ಮಂತ್ರಿ ಬಂದು ಕೂತರೂ ಆಗುವುದಿಲ್ಲ.

ಇಂಥ ನಿಧಾನದ ಪದ್ಧತಿ ಬರಲು ಕಾರಣವಿತ್ತು. ಹುಲಿಗೆವ್ವ ಹುಡುಗಿಯಾಗಿದ್ದಾಗ ದಾಖಲೆಗಳೆಲ್ಲ ಯಂತ್ರದೊಳಗೆ ಇದ್ದವು. ಆಮೇಲೆ ಬೇರೆ ಯಂತ್ರಗಳು ಬಂದವು. ಯಾವ ಕಾಗದ ಬೇಕೋ ಆ ಕಾಗದ, ಯಾವ ಮೊಹರು ಬೇಕೋ ಆ ಮೊಹರು, ಸತ್ತವರ ಹೆಬ್ಬೆಟ್ಟನ್ನೂ ಮಾಡಿಕೊಡುವಂಥವು. ಒಂದು ಹೊಲಕ್ಕೆ ಹನ್ನೊಂದು ಜನ ಒಡೆಯರು, ಹನ್ನೊಂದೂ ಜನರ ಕಾಗದದಲ್ಲಿ ಒಂದು ತಪ್ಪಿಲ್ಲ. ಕೋರ್ಟುಗಳು ಸುಸ್ತಾದವು. ಕೊನೆಗೆ, ಅವಸರ ಮಾಡಲು ಬಾರದ ಒಂದು ಜೀವದ ಮೇಲೆಯೇ ಬರೆಯೋಣ ಎಂದರು. ಹೊಲದ ಗಡಿ ತೋರುವ ಬಾಂದಗಲ್ಲುಗಳ ಮೇಲೆ ಬರಹದ ಕಲ್ಲುಹೂವು ಬೆಳೆಸಿದರು, ಅದರ ಒಂದು ತಾಯಿಬಿಲ್ಲೆ ದಫ್ತರದಲ್ಲಿ. ರಾಜಧಾನಿಯಲ್ಲಿ ಇನ್ನೊಂದು ಪ್ರತಿ ಇಡುವ ಮಾತೂ ಇತ್ತು. ಆ ಕಟ್ಟಡದ ಅಡಿಗಲ್ಲು ಮಾತ್ರ ಈಗಲೂ ಇದೆಯಂತೆ.

ಹೀಗೆ ದಿನಾ ನೀರು ಸಿಂಪಡಿಸುವವರ ಕೈಯಲ್ಲಿ ಒಂದು ತಾಲ್ಲೂಕಿನ ನೆಲವೆಲ್ಲ ಉಳಿಯಿತು. ಹುಲಿಗೆವ್ವ ಇಪ್ಪತ್ತೆಂಟು ವರ್ಷದಿಂದ ಸಿಂಪಡಿಸುತ್ತಿದ್ದಳು.

ಅವತ್ತು ಬಾಗಿಲ ಮುಂದೆ ಸಾವಂತ್ರೆವ್ವ ಕೂತಿದ್ದಳು. ಗಂಡ ಯಮನೂರಪ್ಪ ಸತ್ತ ಮೇಲೆ ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಕಲ್ಲುಗಣಿಯ ಕೂಲಿಗೆ ಹೋದವಳು, ಇಬ್ಬರನ್ನೂ ಗಂಡನ ಮನೆ ಸೇರಿಸಿ ಈ ದೀಪಾವಳಿಗೆ ಊರಿಗೆ ಮರಳಿದ್ದಳು. ಅವಳ ಅಂಗೈಯ ಅರಿವೆಯಲ್ಲಿ ಬಿಳಿಯ ಹೊಟ್ಟಿನಂಥದ್ದು ಏನೋ ಇತ್ತು.

"ಯಕ್ಕಾ, ಇದು ಸತ್ತೈತೇನು ನೋಡು."

ಹುಲಿಗೆವ್ವ ಮುಟ್ಟಿದಳು. ಪುಡಿಯಾಯಿತು. "ಯಾರು ಹಚ್ಚಿದ್ರು ಸುಣ್ಣ?"

"ನಾನ. ಹದಿನಾಕ ವರ್ಷ ಆದ ಮ್ಯಾಲ ಎಳ್ಳಮಾಸಿಗೆ ನನ್ನ ಹೊಲದಾಗ ಭೂಮ್ತಾಯಿಗೆ ಎಡಿ ಹಿಡದು ಚರಗ ಚೆಲ್ಲಿದ್ನೆಕ್ಕಾ. ಪಾಂಡವರಿಗೆ ಅಂತ ಐದು ಕಲ್ಲು ಬೆಳ್ಳಗ ಮಾಡಿದೆ. ಸುಣ್ಣ ಇನ್ನೂ ಉಳದಿತ್ತು. ಬಾಂದಗಲ್ಲು ನೋಡಿದೆ. ನಾ ಇಲ್ಲದಾಗ ಹೊಲ ಕಾಯ್ಕೋತ ನಿಂತಾವು, ಇವೂ ದೇವರ ಅಲ್ಲೇನು ಅನ್ನಿಸ್ತು."

"ಎಷ್ಟಕ್ಕ ಹಚ್ಚಿದಿ?"

"ಮೂರಕ್ಕೂ. ದೇವರೊಳಗ ಭೇದ ಮಾಡಬಾರದಲ್ಲ."

"ಸುಣ್ಣ ಹಚ್ಚಬ್ಯಾಡ್ರಿ ಅಂತ ವರ್ಷಾ ಡಂಗುರ ಸಾರ್ತಾರಲ್ಲ ನಮ್ಮವ್ವ!"

"ಶೀಗಿ ಹುಣ್ಣಿವಿಗೆ ಸಾರ್ತಾರ. ನಾ ಬಂದಿದ್ದು ದೀಪಾವಳಿಗೆ."

ಹುಲಿಗೆವ್ವ ಬಾಗಿಲ ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲೇ ಕೂತಳು. ಬೈಯಲು ಬಾಯಿ ಬರಲಿಲ್ಲ. ಆ ಹೊಲದ ಪಡುವಣ ಮಗ್ಗುಲಿನ ಹೊಲ ಅವಳ ಮನೆಯದೇ. ಸಾವಂತ್ರೆವ್ವ ಊರು ಬಿಟ್ಟಾಗ ಖಾಲಿ ಬಿದ್ದ ಹೊಲವನ್ನು ಹುಲಿಗೆವ್ವನ ಗಂಡ ದ್ಯಾಮಣ್ಣ ಉಳತೊಡಗಿದ್ದ. ಈಗ ಅವಳು ಬಂದು ಕೇಳಿದಾಗ ಇಪ್ಪತ್ತೊಂದು ಗುಂಟೆ ಬಿಟ್ಟುಕೊಟ್ಟ. ಬಾವಿಯಿದ್ದ ಒಂಬತ್ತು ಗುಂಟೆ ಮಾತ್ರ ತನ್ನ ಗಡಿಯೊಳಗಿನದು ಎಂದ. ಸಾವಂತ್ರೆವ್ವ ಅಳತೆಗೆ ಅರ್ಜಿ ಹಾಕಿದ್ದಳು. ಅಳೆಯುವವರು ಬಂದು ನೋಡಿದರೆ, ಪಡುವಣ ಅಂಚಿನಲ್ಲಿ ಕಲ್ಲಿರಲಿಲ್ಲ, ಸಾಕ್ಷಿ ಹೇಳಬೇಕಾದ ಮೂರು ಕಲ್ಲೂ ಬೆಳ್ಳಗೆ ಹೊಳೆಯುತ್ತ ನಿಂತಿದ್ದವು.

"ಒಳಗ ನಿನ್ನ ಹತ್ರ ಒಂದು ಐತಿ ಹೌದಲ್ಲೋ?" ಸಾವಂತ್ರೆವ್ವ ಕೇಳಿದಳು.

"ಐತಿ."

"ಹಂಗಾದ್ರ ಚಿಂತಿಲ್ಲ ಬಿಡು," ಅಂದು ಸೀರೆ ಕೊಡವಿ ಎದ್ದುಹೋದಳು. ಆ ನಿಶ್ಚಿಂತೆಯೇ ಹುಲಿಗೆವ್ವನಿಗೆ ಭಾರವಾಯಿತು.

ಮಧ್ಯಾಹ್ನ ಭೂದಾಖಲೆಯ ಅಧಿಕಾರಿ ಪದ್ಮರಾಜಯ್ಯ ಬಂದರು. ದಕ್ಷಿಣದ ಕಡೆಯವರು, ವರ್ಗವಾಗಿ ಬಂದು ಎರಡು ವರ್ಷವಾದರೂ ಇಲ್ಲಿಯ ರೊಟ್ಟಿ ಅವರ ಹಲ್ಲಿಗೆ ಒಗ್ಗಿರಲಿಲ್ಲ.

"ಸಾಹೇಬ್ರ, ಇದು ನನ್ನ ಕೈಯಾಗ ಬ್ಯಾಡ. ಆ ಕಡಿ ಹೊಲ ನಮ್ಮದು. ಬ್ಯಾರೆಯವರಿಗೆ ಕೊಡ್ರಿ."

"ಬೇರೆಯವರು ಎಲ್ಲಿದ್ದಾರಮ್ಮ? ನಾಲ್ಕು ಹುದ್ದೆ ಮಂಜೂರಾಗಿವೆ. ಮೂರು ಖಾಲಿ ಬಿದ್ದು ಎಂಟು ವರ್ಷ. ಚಾವಣಿಯ ಸಿಂಪರಣೆ ಯಂತ್ರ ಕೆಟ್ಟು ಐದು ವರ್ಷ. ಇನ್ನು ನಾನೇ ಬಂದು ನೀರು ಹೊಡೀಬೇಕು."

"ಬರ್ರಿ, ಕಲಿಸಿ ಕೊಡ್ತೀನಿ."

ಅವರು ನಕ್ಕರು, ಅವಳೂ ನಕ್ಕಳು. ನಗುವಿನಿಂದ ಏನೂ ಬದಲಾಗಲಿಲ್ಲ. ಪದ್ಮರಾಜಯ್ಯ ನಿಯಮ ಹೇಳಿದರು, ಅವಳಿಗೆ ಗೊತ್ತಿದ್ದದ್ದೇ. ತಾಯಿಬಿಲ್ಲೆ ಅರೆನಿದ್ದೆಯಲ್ಲಿರುತ್ತದೆ, ದಿನಕ್ಕೊಂದು ಸಲದ ತುಂತುರು ಅದಕ್ಕೆ ಸಾಕು. ಓದಬೇಕಾದರೆ ಎಬ್ಬಿಸಬೇಕು. ಎಚ್ಚರದ ಹಲಗೆಯ ಮೇಲಿಟ್ಟು ಇಪ್ಪತ್ತೊಂದು ದಿನ ಬೆಳಿಗ್ಗೆ ಸಂಜೆ ಬೆಚ್ಚನೆಯ ನೀರು. ಒಮ್ಮೆ ಎದ್ದ ಮೇಲೆ ನಡುವೆ ನೀರು ತಪ್ಪಿದರೆ ಅಂಚಿನಿಂದ ಸಾಯತೊಡಗುತ್ತದೆ. ಸತ್ತ ಭಾಗ ಓದಿಗೆ ಬರುವುದಿಲ್ಲ, ಪಕ್ಕದ ಹೊಲದ ಬಿಲ್ಲೆ ಅದಕ್ಕೆ ಸಾಕ್ಷಿಯಾಗುವುದೂ ಇಲ್ಲ. ಓದಿಗೆ ಬಾರದ ನೆಲ, ಹನ್ನೆರಡು ವರ್ಷ ಉತ್ತವನ ಸ್ವಾಧೀನಕ್ಕೆ.

"ದಿನಾ ನೀರಿನ ವಹಿಗೆ ಸಹಿ ಮಾಡಿ," ಎಂದು ಹೇಳಿ ಅವರು ಹೊರಟರು.

ಮನೆಯಲ್ಲಿ ದ್ಯಾಮಣ್ಣ ಒಲೆಯ ಮುಂದೆ ಕೂತು ತಾನೇ ರೊಟ್ಟಿ ಸುಡುತ್ತಿದ್ದ. ಮೂವತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವನು. ನಿವೃತ್ತಿಯಾದರೂ ಅವನ ಬಾಯಿ ಬಸ್ಸಿನಿಂದ ಇಳಿದಿರಲಿಲ್ಲ.

"ಬಾ ಬಾ, ಮುಂದ ಸೀಟ್ ಖಾಲಿ ಐತಿ. ಪುಂಡಿಪಲ್ಯ ಬಿಸಿ ಐತಿ, ಕುಂದ್ರು."

ಅವಳು ಉಂಡಳು. ಅವನು ಅವಳ ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿ ತಂದ. ತಿಕ್ಕುತ್ತ ತಿಕ್ಕುತ್ತ ಹೇಳಿದ, "ಆ ಬಾವಿ ಹೆಂಗಿತ್ತು ನೆನಪೈತೇನು? ಹಾವು, ಮುಳ್ಳುಕಂಟಿ, ಸತ್ತ ನಾಯಿ. ಎರಡು ಬೇಸಿಗಿ ಹೂಳು ತಗದಾಂವ ನಾನು. ರಜಾ ಹಾಕಿ ತಗದೀನಿ. ಆಗ ಯಾರ ಹೆಸರು ಓದಿತ್ತು ನಿನ್ನ ಹೂವು?"

"ಹೂಳು ತಗದ್ರ ಬಾವಿ ನಮ್ಮದಾಗತೈತೇನ್ರಿ? ನಾ ನಾಕ ಸಾವಿರ ಹೊಲಕ್ಕ ನೀರ ಹಾಕೀನಿ. ಎಲ್ಲಾ ನನ್ನವೇನು?"

ದ್ಯಾಮಣ್ಣ ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡ. ಆಮೇಲೆ ಮೆತ್ತಗೆ ಅಂದ, "ನೋಡು, ನೀ ಸುಳ್ಳ ಹೇಳಬ್ಯಾಡ. ಬರೀಬ್ಯಾಡ, ಅಳಿಸಬ್ಯಾಡ. ಏನೂ ಮಾಡಬ್ಯಾಡ. ನಿನಗೂ ವಯಸ್ಸಾತು, ಗುಡ್ಡ ಹತ್ತಾಕ ಆಗವಲ್ದು. ಒಂದ್ ಕಲ್ಲು ಮರತಿ ಅಂದ್ರ ಯಾರು ಕೇಳ್ತಾರ?"

ಅವನ ಕೈ ಬೆಚ್ಚಗಿತ್ತು, ನೋವು ಇಳಿಯುತ್ತಿತ್ತು. ಅವಳು ಇನ್ನೊಂದು ಮೊಣಕಾಲನ್ನೂ ಅವನತ್ತ ಚಾಚಿದಳು.

ಹನ್ನೆರಡು ದಿನ ಅವಳು ತಪ್ಪದೆ ನೀರು ಹಾಕಿದಳು. ಎಚ್ಚರದ ಹಲಗೆಯ ಮೇಲೆ ಹತ್ತು ಬಿಲ್ಲೆಗಳಿದ್ದವು, ಹತ್ತು ಕಡೆಯ ಹತ್ತು ತಂಟೆಗಳು. ಎಡಬದಿಯ ಕೊನೆಯದು ಸಾವಂತ್ರೆವ್ವನದು. ಬೂದು ಬಣ್ಣ ಹೋಗಿ ಒಳಗಿನಿಂದ ಹಸಿರು ಏಳತೊಡಗಿತ್ತು, ಬಾಣಂತಿಯ ಮುಖಕ್ಕೆ ರಕ್ತ ಮರಳುವ ಹಾಗೆ. ಪ್ರತಿಸಲ ನೀರು ಹಾಕುವ ಮುಂಚೆ ಹುಲಿಗೆವ್ವ ಹಲಗೆಗೆ ಕೈಮುಗಿಯುತ್ತಿದ್ದಳು. ಯಾರೂ ಕಲಿಸಿದ್ದಲ್ಲ, ಎಚ್ಚರಗೊಳ್ಳುತ್ತಿರುವ ಯಾವುದರ ಮುಂದೆಯಾದರೂ ಕೈ ತಾನಾಗಿ ಕೂಡುತ್ತಿತ್ತು.

ಹದಿಮೂರನೆಯ ದಿನ ಒಣಗಾಳಿ ಜೋರಾಯಿತು. ತೊಟ್ಟಿಯಲ್ಲಿ ನೀರು ತಳ ಸೇರಿತ್ತು. ಕೆಳಗಿನ ಕೈಪಂಪಿನಿಂದ ಆರು ಕೊಡ ಹೊತ್ತು ಹತ್ತಿಸಿದಳು. ಅಟ್ಟಣಿಗೆಗಳನ್ನೆಲ್ಲ ಮುಗಿಸಿ ಹಲಗೆಯ ಬಳಿ ಬರುವಷ್ಟರಲ್ಲಿ ತೋಳು ಎತ್ತುವುದೇ ಕಷ್ಟವಾಗಿತ್ತು. ಬಲಬದಿಯಿಂದ ಸಿಂಪಡಿಸುತ್ತ ಬಂದು ಒಂಬತ್ತನೆಯದಕ್ಕೆ ನಿಲ್ಲಿಸಿದಳು. ಸಾಕು, ನಾಳೆ ಹಾಕಿದರಾಯಿತು ಅಂದುಕೊಂಡಳು. ವಹಿಗೆ ಸಹಿ ಮಾಡಿದಳು. ಸಂಜೆಯೂ ಹಾಗೆಯೇ ಆಯಿತು. ಮನೆಗೆ ಹೋಗುವಾಗ ದಣಿವು ಎಷ್ಟೋ ಹಗುರಾದಂತೆ ಅನ್ನಿಸಿತು. ಅದು ಅವಳಿಗೆ ವಿಚಿತ್ರವೆನಿಸಲಿಲ್ಲ.

ಮರುದಿನ ಗಾಳಿಗೆ ತುಂತುರು ಹಾರಿ ಎಡಬದಿಯ ಕೊನೆಗೂ ಬೀಳುವ ಹಾಗಿತ್ತು. ಒಡೆದ ಡಬ್ಬಿಯ ಒಂದು ತಗಡು ಅಲ್ಲೇ ಬಿದ್ದಿತ್ತು. ಅದನ್ನು ಎತ್ತಿ ಬಿಲ್ಲೆಯ ಮುಂದೆ ನಿಲ್ಲಿಸಿದಳು. ಮೂರನೆಯ ದಿನವೂ ನಿಲ್ಲಿಸಿದಳು. ಬಿಲ್ಲೆಯ ಅಂಚು ಬೆಳ್ಳಗಾಗತೊಡಗಿತ್ತು. ಅವಳು ಅತ್ತ ನೋಡುತ್ತಿರಲಿಲ್ಲ. ನಾ ಏನೂ ಮಾಡಿಲ್ಲ, ಕೈಯಲ್ಲಿ ಆಗಲಿಲ್ಲ ಅಷ್ಟೆ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದಳು. ಸಹಿ ಮಾತ್ರ ದಿನವೂ ಬಿತ್ತು.

ನಾಲ್ಕನೆಯ ದಿನ ಸಂಜೆ ತಗಡು ಜಾಗದಲ್ಲಿ ಇರಲಿಲ್ಲ. ಗಾಳಿಗೆ ಎಲ್ಲೋ ಹಾರಿತ್ತು. ಹುಲಿಗೆವ್ವ ಅಟ್ಟಣಿಗೆಯ ಕೆಳಗೆ ಬಗ್ಗಿ ಹುಡುಕಿದಳು. ಮೊಣಕಾಲೂರಿ ಮೂಲೆಯಲ್ಲಿ ಕೈಯಾಡಿಸಿದಳು. ಸಿಗದೆ, ದೀಪ ಹಿಡಿದು ತೊಟ್ಟಿಯ ಹಿಂದೆ ಹೋಗಿ, ಅಲ್ಲಿ ಸಂದಿಗೆ ಸಿಕ್ಕಿಕೊಂಡಿದ್ದನ್ನು ಎಳೆದು ತೆಗೆದು, ಏದುಸಿರು ಬಿಡುತ್ತ ಹಲಗೆಯ ಹತ್ತಿರ ಬಂದಳು. ತಗಡನ್ನು ನಿಲ್ಲಿಸಲು ಹೋದ ಕೈ ಅಲ್ಲೇ ನಿಂತಿತು.

ಕೈಪಿಚಕಾರಿಯ ಮೇಲೆ ಒಂದು ಸಲ ಬೆರಳೊತ್ತಿದ್ದರೆ ನೀರು ಬೀಳುತ್ತಿತ್ತು. ಆಗುವುದಿಲ್ಲವೆಂದು ಬಿಟ್ಟ ಕೆಲಸಕ್ಕಿಂತ ಹತ್ತು ಪಟ್ಟು ಕೆಲಸವನ್ನು ಅವಳು ಈಗ ಮಾಡಿದ್ದಳು. ದಣಿದವಳು ಮರೆಯುತ್ತಾಳೆ, ಕೂತುಬಿಡುತ್ತಾಳೆ. ಹೀಗೆ ಮೊಣಕಾಲೂರಿ ತಗಡು ಹುಡುಕುವುದಿಲ್ಲ.

"ಅವ್ವಾ," ಅಂದಳು.

ತಗಡನ್ನು ಹೊರಗೆ ಎಸೆದು ಬಂದಳು. ಬೆಚ್ಚನೆಯ ನೀರನ್ನು ಬೆರಳಿನಿಂದಲೇ ಹನಿಹನಿಯಾಗಿ ಆ ಬಿಲ್ಲೆಗೆ ಬಿಟ್ಟಳು. ನಡುವಿನ ಹಸಿರು ಕುಡಿಯಿತು. ಬೆಳ್ಳಗಾದ ಅಂಚು ಕುಡಿಯಲಿಲ್ಲ. ನೀರು ಅದರ ಮೇಲೆ ಮುತ್ತಿನಂತೆ ನಿಂತು ಜಾರಿತು.

ಉಳಿದ ದಿನಗಳಲ್ಲಿ ಒಂದು ಹೊತ್ತೂ ತಪ್ಪಿಸಲಿಲ್ಲ. ಸಂಕ್ರಾಂತಿಯ ದಿನ ದ್ಯಾಮಣ್ಣ ಎಳ್ಳು ಹಚ್ಚಿ ನೀರೆರೆಯಲು ಕರೆದಾಗಲೂ ಮೊದಲು ಗುಡ್ಡ ಹತ್ತಿ ಇಳಿದಳು. ಬೆಳ್ಳಗಾದ ಅಂಚು ಮಾತ್ರ ಹಾಗೆಯೇ ಉಳಿಯಿತು.

ಇಪ್ಪತ್ತೆರಡನೆಯ ದಿನ ದಫ್ತರದ ಅಂಗಳದಲ್ಲಿ ಓದು. ಪದ್ಮರಾಜಯ್ಯ, ಊರಿನ ಐವರು ಹಿರಿಯರು, ಒಂದು ಕಡೆ ದ್ಯಾಮಣ್ಣ, ಒಂದು ಕಡೆ ಸಾವಂತ್ರೆವ್ವ. ಅವಳು ಹೊಸ ಇಳಕಲ್ ಸೀರೆ ಉಟ್ಟು, ಮದುವೆಗೆ ಬಂದವಳ ಹಾಗೆ ಕೂತಿದ್ದಳು.

ಓದುಗೋಲಿನ ಸೂಜಿ ಕಲ್ಲುಹೂವಿನ ನಡುವಿಗೆ ತಾಕಿತು. ಗೋಲಿನ ತುದಿಯ ಹಲಗೆಯ ಮೇಲೆ ಅಕ್ಷರ ಒಂದೊಂದಾಗಿ ಮೂಡಿದವು. ಪದ್ಮರಾಜಯ್ಯ ಗಟ್ಟಿಯಾಗಿ ಓದಿದರು.

"ಗ್ರಾಮ ಹಿರೇಗುಂಡು. ಸರ್ವೇ ನಂಬರು ಅರವತ್ತೆರಡು, ಹಿಸ್ಸೆ ಮೂರು. ಹಕ್ಕುದಾರ ಯಮನೂರಪ್ಪ. ಅವನ ತರುವಾಯ ಹಕ್ಕು ಹೆಂಡತಿ ಸಾವಂತ್ರೆವ್ವನಿಗೆ ಎಂದು ಅವನೇ ಬರೆಸಿದ್ದು. ಪೂರ್ವಕ್ಕೆ ಹಳ್ಳ. ದಕ್ಷಿಣಕ್ಕೆ ಬಂಡಿದಾರಿ. ಉತ್ತರಕ್ಕೆ ಆನೆಗುಂಡು. ಪಶ್ಚಿಮಕ್ಕೆ..."

ಸೂಜಿ ಅಂಚಿಗೆ ಬಂದಿತ್ತು. ಹಲಗೆ ಖಾಲಿ ಉಳಿಯಿತು. ಪಶ್ಚಿಮದ ಗಡಿಯೂ ಅದರ ನಂತರ ಬರೆದಿದ್ದ ಗುಂಟೆಯ ಲೆಕ್ಕವೂ ಒಣಗಿ ಹೋಗಿದ್ದವು. ಪದ್ಮರಾಜಯ್ಯ ಸೂಜಿಯನ್ನು ಮೂರು ಸಲ ಸರಿಸಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ಏನಾತ್ರಿ?" ಸಾವಂತ್ರೆವ್ವ ಕೇಳಿದಳು.

"ಹೊಲ ನಿಮ್ಮದೇ ತಾಯಿ. ಪಶ್ಚಿಮದ ಗಡಿ ಎಲ್ಲಿ ಅನ್ನೋದು ಓದೋಕ್ಕೆ ಬರ್ತಿಲ್ಲ. ವಯಸ್ಸಾದ ಬಿಲ್ಲೆ. ನಿಯಮದ ಪ್ರಕಾರ ಆ ಒಂಬತ್ತು ಗುಂಟೆ ಸ್ವಾಧೀನದಲ್ಲಿರುವವರಿಗೆ..."

"ಬಾವೀನೂ?"

"ಬಾವಿಯೂ."

ಸಾವಂತ್ರೆವ್ವ ಅಳಲಿಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. "ಸುಣ್ಣ ಹಚ್ಚಿದ್ದು ನಾನ ಅಲ್ಲೇನ್ರಿ," ಅಂದಳು. "ನಂದ ತಪ್ಪು."

ಹುಲಿಗೆವ್ವ ಗೋಡೆಗೆ ಒರಗಿದ್ದವಳು ಎದ್ದಳು. ಮೊಣಕಾಲು ಲಟಕ್ಕೆಂದಿತು.

"ನಿಂದಲ್ಲ. ಸಾಹೇಬ್ರ, ಬಿಲ್ಲೆಗೆ ವಯಸ್ಸಾಗಿಲ್ಲ. ನಾಕ ದಿನ ನಾ ನೀರ ಹಾಕಿಲ್ಲ."

ಪದ್ಮರಾಜಯ್ಯ ವಹಿ ತಿರುವಿದರು. "ಎಲ್ಲ ದಿನವೂ ಸಹಿ ಇದೆಯಲ್ಲಮ್ಮ."

"ಸಹಿ ಸುಳ್ಳು. ಮೊದಲನೇ ದಿನ ಕೈಲೆ ಆಗಲಿಲ್ಲ ಅಂತ ಬಿಟ್ಟೆ. ಆಮ್ಯಾಲ ತಗಡು ಅಡ್ಡ ಇಟ್ಟೆ, ನೀರು ಬೀಳಬಾರದು ಅಂತ." ಅವಳು ಪೆನ್ನು ತೆಗೆದುಕೊಂಡು ನಾಲ್ಕು ಸಹಿಗಳ ಮೇಲೆ ಅಡ್ಡಗೆರೆ ಎಳೆದಳು.

ಪದ್ಮರಾಜಯ್ಯ ಹತ್ತಿರ ಬಂದು ದನಿ ತಗ್ಗಿಸಿದರು. "ಮೂರು ತಿಂಗಳು ಚಿಲ್ಲರೆ ಉಳಿದಿದೆ ನಿಮಗೆ. ವಿಚಾರಣೆ ಅಂತಾದರೆ ಪಿಂಚಣಿ ನಿಂತುಹೋಗುತ್ತೆ. ಯೋಚನೆ ಮಾಡಿ."

"ಮಾಡೀನ್ರಿ. ಬಾಳ ದಿನ ಮಾಡೀನಿ. ಬರಕೋರ್ರಿ."

ಅವರು ನಿಟ್ಟುಸಿರಿಟ್ಟು ಬರೆದುಕೊಂಡರು. ಕಾಯುವವರ ತಪ್ಪಿನಿಂದ ದಾಖಲೆ ಹೋದರೆ ಅದರ ಲಾಭ ಕಾಯುವವರ ಮನೆಗೆ ಸೇರಕೂಡದು ಎಂಬ ನಿಯಮವೂ ಇತ್ತು. ಆದರೆ ಸಾವಂತ್ರೆವ್ವನ ಬಳಿಯೂ ಪುರಾವೆಯಿಲ್ಲ. ಆ ಕಡೆಯ ಹೊಲದವನೇ ನಿಂತು ಗಡಿ ತೋರಿಸಿ ಒಪ್ಪಿದರೆ ಸರಿ. ಇಲ್ಲವಾದರೆ ಒಂಬತ್ತು ಗುಂಟೆಯೂ ಬಾವಿಯೂ ಸರ್ಕಾರಕ್ಕೆ. ಎಂಟು ದಿನದ ಗಡುವು ಕೊಟ್ಟರು. ಎಲ್ಲರೂ ದ್ಯಾಮಣ್ಣನ ಕಡೆ ನೋಡಿದರು. ಅವನು ಚಪ್ಪಲಿ ಮೆಟ್ಟಿ ಒಬ್ಬನೇ ಗುಡ್ಡ ಇಳಿದುಹೋದ.

ಮನೆಯಲ್ಲಿ ಬಸ್ಸು ನಿಂತುಹೋಗಿತ್ತು. ದ್ಯಾಮಣ್ಣ ಉಣ್ಣುತ್ತಿದ್ದ, ದನಕ್ಕೆ ಮೇವು ಹಾಕುತ್ತಿದ್ದ, ಮಾತಾಡುತ್ತಿರಲಿಲ್ಲ. ನಾಲ್ಕನೆಯ ದಿನ ಎಣ್ಣೆಯ ಬಟ್ಟಲು ತಂದು ಅವಳ ಮೊಣಕಾಲ ಬಳಿ ಕೂತ.

"ಮಂದಿ ಮುಂದ ಹೇಳೂದಕ್ಕ ಮದಲ ನನಗ ಹೇಳಬಾರದಾಗಿತ್ತೇನು?"

"ಹೇಳಿದ್ರ ನೀವು ಬ್ಯಾಡ ಅಂತಿದ್ರಿ. ನಾ ಹೂಂ ಅಂತಿದ್ದೆ."

ಅವನು ಬಟ್ಟಲಿಗೆ ಬೆರಳದ್ದಿ ತಿಕ್ಕತೊಡಗಿದ. "ಏನೂ ಮಾಡಬ್ಯಾಡ ಅಂದಿದ್ದೆ," ಅಂದ. "ಅದ ಇಷ್ಟ ದೊಡ್ಡ ಕೆಲಸ ಅಂತ ನನಗ ಗೊತ್ತಿರಲಿಲ್ಲ ನೋಡು."

ಏಳನೆಯ ದಿನ ಅಳತೆಯವರು ಬಂದರು. ಹೊಲದಲ್ಲಿ ದ್ಯಾಮಣ್ಣ ಬಿತ್ತಿದ್ದ ಕಡಲೆ ಹೂ ಬಿಟ್ಟು ಕಾಯಿ ಕಟ್ಟಿತ್ತು. ಪದ್ಮರಾಜಯ್ಯ ಕೇಳಿದರು, "ಹೇಳಿ ದ್ಯಾಮಣ್ಣನವರೇ, ಗಡಿ ಎಲ್ಲಿ?"

ದ್ಯಾಮಣ್ಣ ಬಾವಿಯ ಹತ್ತಿರ ನಿಲ್ಲಲಿಲ್ಲ. ಬಾವಿ ದಾಟಿದ, ಕಡಲೆಯ ಸಾಲು ದಾಟಿದ. ಐವತ್ತು ಹೆಜ್ಜೆ, ಅರವತ್ತು ಹೆಜ್ಜೆ. ಹದಿನಾಲ್ಕು ವರ್ಷ ಕುಂಟೆ ಹೊಡೆದು ಅಳಿಸಿದ ಬದುವಿನ ಗುರುತು ಅವನ ಕಾಲಿಗೆ ಮಾತ್ರ ಗೊತ್ತಿತ್ತು. ಒಂದು ಕಡೆ ನಿಂತು, ಹಿಮ್ಮಡಿಯಿಂದ ಮಣ್ಣು ಒತ್ತಿದ.

"ಇಲ್ಲಿ. ನಮ್ಮ ಸ್ಟಾಪು ಇಲ್ಲಿಗೆ ಮುಗೀತ್ರಿ."

ಅಳತೆಯವರು ಗೂಟ ಹೊಡೆದರು. ಹುಲಿಗೆವ್ವ ದೂರದ ಬಂಡಿದಾರಿಯಲ್ಲಿ ನಿಂತು ನೋಡುತ್ತಿದ್ದಳು. ವಿಚಾರಣೆಯ ನೋಟೀಸು ಅವಳ ಕೈ ಸೇರಿ ಎರಡು ದಿನವಾಗಿತ್ತು. ಅದರ ಮೇಲೆ ಮನಸ್ಸು ಹೋಗುವಷ್ಟು ಶಕ್ತಿ ಅವಳಲ್ಲಿ ಇರಲಿಲ್ಲ. ಬೆಳಗಿನ ನೀರು ಹಾಕಿ ಬಂದಿದ್ದಳು, ಸಂಜೆಯದು ಹಾಕಬೇಕಿತ್ತು.

ಸಾಹೇಬರು ಕಾಗದ ಮಡಚಿ ಹೊರಟ ಮೇಲೆ ದ್ಯಾಮಣ್ಣ ಬಾವಿಯ ಮೆಟ್ಟಿಲಿಳಿದ. ಮೇಲೆ ಬಂದಾಗ ಅವನ ಬೊಗಸೆಯಲ್ಲಿ ತಳದ ಕಪ್ಪು ಕೆಸರು ತುಂಬಿತ್ತು, ಬೆರಳ ಸಂದಿಯಿಂದ ನೀರು ಸೋರುತ್ತಿತ್ತು. ಅವನು ಸಾವಂತ್ರೆವ್ವನ ಮುಂದೆ ಬಂದು ನಿಂತ. ಅವಳು ಸೆರಗು ಒಡ್ಡಿದಳು.

"ತಗೋ ತಂಗಿ," ಅಂದ ದ್ಯಾಮಣ್ಣ, ಪಕ್ಕದವರಿಗೂ ಕೇಳಿಸದ ಹಾಗೆ. ಬೊಗಸೆ ಬಗ್ಗಿಸಿ ಕೆಸರನ್ನೆಲ್ಲ ಅವಳ ಉಡಿಗೆ ಇಳಿಸಿ, ಅಂಗೈಗೆ ಅಂಟಿ ಉಳಿದದ್ದನ್ನೂ ಬೆರಳಿನಿಂದ ಬಳಿದು ಹಾಕಿದ.